ಕಿಂಡಿಯ ಎತ್ತರ

ದಾವಣಗೆರೆಯಲ್ಲಿ ಮೂರು ದಿನ, ವಾರ ಬಿಟ್ಟು ಇನ್ನೆರಡು.
ಹೋಟೆಲಿನ ನೆಲಮಾಳಿಗೆ, ಎ.ಸಿ.ಗೆ ಹೆದರಿ ಸ್ವೆಟರು ತಂದ
ಎರಡು ಜಿಲ್ಲೆಯ ಹನ್ನೊಂದು ಆಡಳಿತ ವೈದ್ಯಾಧಿಕಾರಿಗಳು.
ಹೊಟ್ಟೆ ಕುಯ್ಯಲು ಬಲ್ಲೆವು,
ಬಜೆಟ್ಟು ಎಲ್ಲಿ ಕುಯ್ಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಪಾಠ ಹೇಳುವ ಹುಡುಗ ವಿಶ್ರುತ್, ನನ್ನ ಮಗಳ ವಯಸ್ಸು.
ಅಂಟುವ ಹಳದಿ ಚೀಟಿ ಹಂಚಿ
'ನಿಮ್ಮ ಆಸ್ಪತ್ರೆಯ ಕನಸು ಬರೆಯಿರಿ, ಮೂರೇ ಪದ' ಎಂದ.
ನಾನು ಬರೆದೆ: ಇಬ್ಬರು ಅರಿವಳಿಕೆ ತಜ್ಞರು.
'ಇದು ಕನಸಲ್ಲ ಮೇಡಂ, ಇಂಡೆಂಟು.'
ನಕ್ಕೆ. ಇಪ್ಪತ್ತಾರು ವರ್ಷದಲ್ಲಿ
ಎರಡರ ನಡುವಿನ ಗೆರೆ ಅಳಿಸಿಹೋದದ್ದು
ಆಗಲೇ ಗೊತ್ತಾದದ್ದು.

'ಬಾಟಲಿಯ ಕುತ್ತಿಗೆ ಹುಡುಕಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ.'
ಹೆರಿಗೆ ಮಾಡಿಸುವವಳು ನಾನು,
ಸಿಕ್ಕಿಕೊಳ್ಳುವುದೆಂದರೇನು ನನಗೆ ಹೇಳುತ್ತಾನೆ.

ಚಹಾಕ್ಕೆ ಮಂಡಕ್ಕಿ, ಮೆಣಸಿನಕಾಯಿ.
ಹೊನ್ನಾಳಿಯವರು ಕಿವಿಯಲ್ಲಿ ಹೇಳಿದರು:
'ನಾಯಕತ್ವ ಅಂದ್ರೆ ಇಷ್ಟೇ ಕಣ್ರೀ, ಬೆಳಿಗ್ಗೆ ಡೀಸೆಲ್ ಬಿಲ್ಲು,
ಸಂಜೆ ಮೇಲಿನವರ ಫೋನು, ರಾತ್ರಿ ಜನರೇಟರು.'

ಮೂರನೇ ದಿನ ಮನೆಗೆಲಸ ಕೊಟ್ಟ:
ನಿಮ್ಮದೇ ಆಸ್ಪತ್ರೆಗೆ ರೋಗಿಯಾಗಿ ಹೋಗಿ.
ಚೀಟಿ ಮಾಡಿಸಿ. ಕಾಯಿರಿ. ಗಡಿಯಾರ ನೋಡಿ.
ಯಾರಿಗೂ ಹೇಳಬೇಡಿ.

ಜಗಳೂರು. ಸೋಮವಾರ. ಮಾಸ್ಕು, ತಲೆ ಮೇಲೆ ಸೆರಗು.
ಚೀಟಿಗೆ ನಲವತ್ತೊಂದು ನಿಮಿಷ.
ಮುಂದಿದ್ದಾಕೆ ತಿರುಗಿ 'ಯಾವೂರಕ್ಕ?' ಎಂದಳು. ಬಿಳಿಚೋಡು ಎಂದೆ.
'ಡಾಕ್ಟ್ರಮ್ಮ ಇಲ್ವಂತೆ ಇವತ್ತು, ಟ್ರೇನಿಂಗಂತೆ.
ಇಷ್ಟು ವಯಸ್ಸಾದ್ಮೇಲೆ ಏನ್ ಕಲೀತಾಳೊ, ಪಾಪ.'
ಪಾಪ, ಎಂದೆ ನಾನೂ.

ವೈದ್ಯರ ಬಾಗಿಲಲ್ಲಿ ಒಂದು ಗಂಟೆ ಹತ್ತು,
ವೈದ್ಯರ ಮುಂದೆ ಒಂದೂವರೆ ನಿಮಿಷ.
ನನ್ನ ಕೈಕೆಳಗೇ ಪಳಗಿದ ಹುಡುಗ, ನನ್ನ ಮುಖ ನೋಡಲಿಲ್ಲ.
ನೋಡದಿರುವುದನ್ನು ಯಾರಿಂದ ಕಲಿತೆಯೋ
ಎಂದು ಕೇಳುವ ಹಾಗಿರಲಿಲ್ಲ.

ಆಮೇಲೆ ರಕ್ತಪರೀಕ್ಷೆಯ ಕಿಂಡಿ.
ಎತ್ತರಕ್ಕೆ ಕೊರೆದದ್ದು; ಒಳಗೆ ತಿಪ್ಪೇಶಿ, ಆರಡಿ ಆಳು, ನಿಂತೇ ಕೆಲಸ.
ಹೊರಗೆ, ಮೋರಿಯ ಪಕ್ಕ, ಒಂದು ಇಟ್ಟಿಗೆ.
ಬೋರಕ್ಕ ಎಂಬ ಮುದುಕಿ ಅದರ ಮೇಲೇರಿ
ಒಂದು ಕೈಯಲ್ಲಿ ಸರಳು ಹಿಡಿದು
ಇನ್ನೊಂದನ್ನು ಒಳಗೆ ಚಾಚಿದಳು, ಸೂಜಿಗೆ.
ಇಳಿದು, ಕಾಲಿನಿಂದಲೇ ಇಟ್ಟಿಗೆಯನ್ನು
ನನ್ನ ಕಡೆ ಸರಿಸಿದಳು,
ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ.
ನನಗೆ ಬೇಕಿರಲಿಲ್ಲ. ಆದರೂ ಹತ್ತಿದೆ.

ನಡುವೆ ಸವೆದಿತ್ತು, ಒಂದು ಹಿಮ್ಮಡಿಯಷ್ಟು.
ಏಳು ವರ್ಷ ಆ ಕಿಂಡಿಯ ಒಳಮಗ್ಗುಲಲ್ಲಿ
ದಿನಾ ಹಾದುಹೋದವಳು ನಾನು.
ಒಳಗಿಂದ ಎಲ್ಲ ಮುಖಗಳೂ ಒಂದೇ ಎತ್ತರ.

ಇದನ್ನು ಇಟ್ಟವರು ಯಾರು ಎಂದು ಕೇಳಿದೆ,
ಕಸ ಗುಡಿಸುತ್ತಿದ್ದ ಹಂಪಮ್ಮನನ್ನು.
'ನಾನೇ. ಹೊಸ ಬ್ಲಾಕು ಕಟ್ಟಿದಾಗ ಉಳಿದಿತ್ತು...'
ಅಷ್ಟರಲ್ಲಿ ದನಿಯ ಗುರುತು ಹತ್ತಿತು.
ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು,
'ತೆಗೆದ್ಬಿಡ್ಲಾ ಮೇಡಂ?' ಎಂದಳು.

ಮತ್ತೆ ದಾವಣಗೆರೆ.
ಎಲ್ಲರ ಪರದೆಯ ಮೇಲೂ ಬಣ್ಣದ ಕಂಬ, ತುಂಡು ಮಾಡಿದ ರೊಟ್ಟಿ.
ನಾನು ಇಟ್ಟಿಗೆಯನ್ನೇ ತಂದು ಮೇಜಿನ ಮೇಲಿಡಬಹುದಿತ್ತು,
ಚಪ್ಪಾಳೆ ಬೀಳುತ್ತಿತ್ತು. ಚೀಲಕ್ಕೂ ಹಾಕಿದ್ದೆ.
ಬೋರಕ್ಕನಂಥವರು ಆ ದಿನ ಏನು ಮಾಡಬೇಕು?
ತೆಗೆದು ಮತ್ತೆ ಅಲ್ಲೇ ಇಟ್ಟು ಬಸ್ಸು ಹತ್ತಿದ್ದೆ.
ಹಲಗೆಯ ಮೇಲೆ ಬರೆದೆ: ನಾಲ್ಕು ಇಂಚು.
'ವಿವರಿಸಿ' ಎಂದ ವಿಶ್ರುತ್.
ಹಂಪಮ್ಮನಿಂದ ಶುರುಮಾಡಿದೆ,
ಕಿಂಡಿಗೆ ಬರುವಷ್ಟರಲ್ಲಿ ಊಟಕ್ಕೆ ಕರೆದರು.

ಕಿಂಡಿ ತಗ್ಗಿಸಲು ಲೋಕೋಪಯೋಗಿಯವರಿಗೆ ಬರೆದಿದ್ದೇನೆ.
ಅಂದಾಜು ಪಟ್ಟಿ ಬರಬೇಕು, ಆರು ಸಹಿ.
ಅಲ್ಲಿಯವರೆಗೆ
ಪಕ್ಕಕ್ಕೆ ಇನ್ನೊಂದು ಇಟ್ಟಿಗೆ ಹಾಕಿಸಿದ್ದೇನೆ,
ಎರಡೂ ಕಾಲು ಊರಲಿ ಎಂದು.
ಖರ್ಚು ಯಾವ ಲೆಕ್ಕಶೀರ್ಷಿಕೆಗೆ ಬರೆಯಲಿ ಎಂದು
ಗುಮಾಸ್ತರು ಬಂದು ನಿಂತಿದ್ದಾರೆ.